ಏಣಿ ಮಲಗಿಸದ ರಾತ್ರಿ

ನಾಲ್ಕು ಲಾರ್ಚ್ ಮರಗಳನ್ನು ಎರಡಾಳೆತ್ತರಕ್ಕೆ ಕಡಿದು
ಬುಡದಿಂದ ತುದಿಯವರೆಗೆ ತೊಗಟೆ ಸುಲಿದು
ಸ್ತೆಪಾನ ಮಾವ ಕಟ್ಟಿದ ಅಟ್ಟಣೆ ಅದು.
ಬಿಸಿಲಿಗೆ ಒಣಗಿ ಮೂಳೆಯಂತೆ ನುಣುಪಾಗಿದ್ದ ಕಂಬಗಳು,
ಉಗುರು ನಾಟುವುದಿಲ್ಲ, ಜಾರುತ್ತದೆ.
ಮೇಲೆ ಹಿಟ್ಟಿನ ಮೂಟೆ, ಒಣಗಿಸಿದ ಸಾರಂಗದ ಮಾಂಸ,
ಉಪ್ಪು, ಸಕ್ಕರೆ, ಚಳಿಗಾಲದ ತುಪ್ಪಳ,
ಹೆಲಿಕಾಪ್ಟರಿನಲ್ಲಿ ಬಂದ ಮಂದಹಾಲಿನ ಹನ್ನೊಂದು ನೀಲಿ ಡಬ್ಬಿ.

ಹತ್ತಲು ಒಂದೇ ದಾರಿ,
ಕಚ್ಚು ಹೊಡೆದ ಒಂಟಿ ದಿಮ್ಮಿ.
ಹತ್ತು, ಬೇಕಾದ್ದು ತೆಗೆ, ಇಳಿ,
ದಿಮ್ಮಿಯನ್ನು ಹುಲ್ಲಿಗೆ ಉರುಳಿಸಿ
ಕಚ್ಚುಗಳು ನೆಲ ನೋಡುವಂತೆ ಮಲಗಿಸು.
ನಾನು ನಡೆಯುವ ಮೊದಲೇ
ಅಕುಲಿನಾ ಅಜ್ಜಿ ಇದನ್ನು ಹೇಳಿಕೊಟ್ಟಿರಬೇಕು,
ಕಲಿತ ನೆನಪೇ ನನಗಿಲ್ಲ.

ಅವನ ಹೆಸರು ಹೇಳಬಾರದೆಂಬುದೂ ಹಾಗೆಯೇ.
ಅವನು ‘ಅಜ್ಜ’. ತೀರಾ ಸಿಟ್ಟು ಬಂದಾಗ ‘ಆ ಮುದುಕ’.
ಅವನ ಕಿವಿ ನೆಲದೊಳಗೆ ಬೇರು ಬಿಟ್ಟಿದೆಯಂತೆ,
ಎಲ್ಲಿ ಯಾರು ಏನೆಂದರೂ ಕೇಳುತ್ತದಂತೆ.

ಆ ವರ್ಷ ವಸತಿ ಶಾಲೆಯಿಂದ ಪುಸ್ತಕವೊಂದನ್ನು ತಂದಿದ್ದೆ.
ಅದರಲ್ಲಿ ಅವನ ಚಿತ್ರ,
ಕೆಂಪು ಅಂಗಿ ಬೇರೆ ತೊಡಿಸಿದ್ದರು,
ಕೆಳಗೆ ದಪ್ಪಕ್ಷರದಲ್ಲಿ: ಕರಡಿ.
ಸೊಳ್ಳೆಯ ಹೊಗೆ ಪಕ್ಕ ಕೂತು
ಮೂರು ಸಲ ಜೋರಾಗಿ ಓದಿದೆ,
ರಷ್ಯನ್ನಿನಲ್ಲಿ ಹೇಳಿದರೆ ಅವನಿಗೆ ತಿಳಿಯದು ಎಂಬ ಧೈರ್ಯ.
ಮೀನು ಹೆಚ್ಚುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ.
ಚಾಕು ಮಾತ್ರ ಅರೆಗಳಿಗೆ ನಿಂತಿತು.

ಕಾಡುಹಣ್ಣು ಕೈಕೊಟ್ಟ ಆಗಸ್ಟ್ ಅದು.
ಗಂಡಸರು ಹಿಂಡಿನ ಜೊತೆ ಮೇಲಿನ ಕಣಿವೆಗೆ ಹೋಗಿದ್ದರು,
ನಮಗೆ ಉಳಿದದ್ದು ಕಿವುಡು ನಾಯಿ.
ಸಂಜೆ ಸಕ್ಕರೆ ತರಲು ಹತ್ತಿದೆ, ಇಳಿದೆ,
ಅಷ್ಟರಲ್ಲಿ ಸಾರಂಗದ ಮರಿ ಕೆಮ್ಮಿತೆಂದು ಓಡಿದೆ.
ಇಷ್ಟೇ ಆದದ್ದು.

ನಡುರಾತ್ರಿ ಹಲಗೆ ಲಟ್ಟೆಂದಿತು.
ಆಮೇಲೆ ಒಂದು ಉಸಿರು,
ಹೊಟ್ಟೆ ತುಂಬುತ್ತಿರುವ ದೊಡ್ಡ ದೇಹದ ನಿಧಾನದ ಉಸಿರು.
ನನ್ನ ಬಾಯಿ ಮುಚ್ಚಿ ಹಿಡಿದು ಅಜ್ಜಿ
ಗುಡಾರದ ತೊಗಲಿನಾಚೆಗೆ ಮಾತಾಡಿದಳು,
ಸಾಲ ಕೊಟ್ಟವನ ಜೊತೆ ಮಾತಾಡುವ ಹಾಗೆ:
‘ಅಜ್ಜಾ, ಇಲ್ಲಿ ಒಂದು ಮುದುಕಿ, ಒಂದು ಮಗು.
ಹಿಟ್ಟು ತಿಂದೆ, ಆಯಿತು. ಮಾಂಸ ಬಿಡು.
ನಿನಗೇನು, ಹಿಮ ಬಿದ್ದರೆ ಮಲಗಿಬಿಡುತ್ತೀ.
ನಾವು ಚಳಿಗಾಲವಿಡೀ ಎಚ್ಚರವಿರಬೇಕು.’
ಆಮೇಲೆ ಬಾಣಲೆ ತೆಗೆದುಕೊಂಡು
ತಗಡು ಸೀಳುವಷ್ಟು ಬಡಿದಳು.

ಬೆಳಗ್ಗೆ ಹಿಟ್ಟಿನ ಹೆಜ್ಜೆಗಳು ಹೊಳೆಯವರೆಗೆ,
ಬಿಳಿ ಬಿಳಿ, ಮನುಷ್ಯನದೇ ಹಿಮ್ಮಡಿ.
ಒಂಬತ್ತು ಡಬ್ಬಿಗೆ ಹಲ್ಲಿನ ತೂತು.
ಮಾಂಸ ಅರ್ಧ ಉಳಿದಿತ್ತು,
ಮಾತಿಗೋ ಬಾಣಲೆಗೋ ಗೊತ್ತಿಲ್ಲ.

‘ನಾನು ಹೆಸರು ಓದಿದ್ದಕ್ಕೇ ಬಂದ’ ಎಂದು ಅತ್ತೆ.
ಅಜ್ಜಿ ನನ್ನ ಕೈ ಹಿಡಿದು ದಿಮ್ಮಿಯ ಬಳಿ ನಿಲ್ಲಿಸಿದಳು.
ಕಚ್ಚುಕಚ್ಚಿನಲ್ಲೂ ಹಸಿ ಮಣ್ಣು.
‘ಹೆಸರಿಗೆ ಬರಲಿಲ್ಲ, ತಮಾರಾ. ಏಣಿಗೆ ಬಂದ.
ಈಗ ನಾಲಿಗೆಗೆ ರುಚಿ ಹತ್ತಿದೆ, ಮತ್ತೆ ಬರುತ್ತಾನೆ.
ಆಗ ಸ್ತೆಪಾನ ಬಂದೂಕು ಎತ್ತಬೇಕು.
ಅದೂ ಈ ಏಣಿಯದೇ.’

ಆ ಚಳಿಗಾಲ ರೊಟ್ಟಿ ತೆಳ್ಳಗಾಯಿತು.
ಯಾರೂ ಬಾಯಿಬಿಟ್ಟು ಎಣಿಸಲಿಲ್ಲ.
ತೂತಾದ ಡಬ್ಬಿಯೊಂದರ ಅಂಚು ತಟ್ಟಿ
ಅಜ್ಜಿ ಚಹಾ ಸೋಸುವುದಕ್ಕೆ ಇಟ್ಟುಕೊಂಡಳು,
ಅವನ ಹಲ್ಲಿನ ಸಂದಿಯಿಂದಲೇ
ದಿನವೂ ನಮ್ಮ ಲೋಟಕ್ಕೆ ಚಹಾ ಇಳಿಯುತ್ತಿತ್ತು.

ಮರುವರ್ಷ ಹೊಳೆಯ ತಿರುವಿನಲ್ಲಿ
ಒಂದೇ ಒಂದು ಗುಂಡಿನ ಸದ್ದು.
ಅಜ್ಜಿ ಸೋಸುತ್ತಿದ್ದಳು.
ಕೈ ನಿಂತಿತು, ಮತ್ತೆ ಸೋಸಿತು.
ನಾನು ಎದ್ದು ಅಟ್ಟಣೆಯ ಬಳಿ ಹೋದೆ.
ದಿಮ್ಮಿ ಹುಲ್ಲಿನಲ್ಲಿ ಮಲಗಿತ್ತು,
ಕಚ್ಚುಗಳು ನೆಲಕ್ಕೇ ಇದ್ದವು.
ಆದರೂ ಎತ್ತಿದೆ,
ಮತ್ತೊಮ್ಮೆ ಮಲಗಿಸಿದೆ.